ಗುರುಬಸಮ್ಮನ ಮೂಗು

ನನ್ನ ಅವ್ವ ಗುರುಬಸಮ್ಮ ನಲವತ್ತು ವರ್ಷ ಮಲ್ಲಿಗೆ ಕಟ್ಟಿದಳು. ಒಂದು ಹೂವನ್ನೂ ಮೂಸಲಿಲ್ಲ.

ಹೊರಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಹಡಗಲಿಯವರಿಗೆ ಹೇಳಿದರೆ, ಇದರಲ್ಲಿ ಹೇಳುವಂಥದ್ದೇನಿದೆ ಎನ್ನುತ್ತಾರೆ. ಮೂಸಿದ ಹೂವು ದೇವರಿಗೆ ಏರುವುದಿಲ್ಲ. ಕಟ್ಟುವವಳ ಕೈಗೆ ಬಂದ ಮೊಗ್ಗು ಯಾರ ಮನೆಯ ಪೂಜೆಗೆ ಹೋಗುತ್ತದೋ, ಯಾರ ಜಡೆಗೆ ಹೋಗುತ್ತದೋ ಅವಳಿಗೆ ಗೊತ್ತಿರುವುದಿಲ್ಲ. ಹಾಗಾಗಿ ಯಾವುದನ್ನೂ ಮೂಗಿನ ಹತ್ತಿರ ತರುವಂತಿಲ್ಲ. ಚಿಕ್ಕವಳಿದ್ದಾಗ ನಾನೊಮ್ಮೆ ಬುಟ್ಟಿಗೆ ಮುಖವಿಟ್ಟು ಜೋರಾಗಿ ಉಸಿರೆಳೆದಿದ್ದೆ. ಅವ್ವ ಬೆನ್ನಿಗೆ ಬಿಟ್ಟ ಏಟು ಇವತ್ತಿಗೂ ನೆನಪಿದೆ. ಆ ಬುಟ್ಟಿಯ ಮೊಗ್ಗನ್ನೆಲ್ಲ ಬೇರೆ ಕಟ್ಟಿ, ಇದನ್ನು ಮುಡಿಯುವವರಿಗೆ ಮಾತ್ರ ಕೊಡಬೇಕೆಂದು ಹೂವಿನ ಏಜೆಂಟ್ ಚೌಡಣ್ಣನಿಗೆ ಹೇಳಿ ಕಳಿಸಿದಳು. ಅವನು ಹಾಗೇ ಮಾಡಿದನೋ ಇಲ್ಲವೋ, ಆ ದೇವರಿಗೇ ಗೊತ್ತು.

"ಹತ್ರ ತರೋದ್ಯಾಕ? ಬರೋ ವಾಸನಿ ತಾನಾ ಬರ್ತೈತಿ," ಎನ್ನುತ್ತಿದ್ದಳು ಅವ್ವ.

ಬರುತ್ತಿತ್ತು ಕೂಡ. ಬೆಳಕು ಹರಿಯುವ ಮೊದಲು ಕೊಯ್ದ ಮೊಗ್ಗು ಏಳು ಗಂಟೆಗೆಲ್ಲ ಚೌಡಣ್ಣನ ತಗಡಿನ ಶೆಡ್ಡಿಗೆ ಬಂದು ಬೀಳುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ತಗಡು ಕಾದು ಮೊಗ್ಗು ಸಡಿಲಾಗಲು ಶುರುವಾದರೆ ಶೆಡ್ಡಿನ ತುಂಬ ಪರಿಮಳ. ಅವ್ವ ತಲೆ ಎತ್ತದೆ, ಬಾಳೆನಾರಿನ ಗಂಟು ಬಿಗಿಯುತ್ತಲೇ ಹೇಳುತ್ತಿದ್ದಳು: "ಆ ಮೂಲಿ ಬುಟ್ಟಿ ಮಂಜಣ್ಣನ ತೋಟದ್ದು. ನಿನ್ನಿ ನೀರು ಹಾಯ್ಸ್ಯಾನ." ಇಲ್ಲವೇ, "ಚೌಡಣ್ಣ, ಈ ಬುಟ್ಯಾಗ ನಿನ್ನಿ ಹೂವು ಕಲಿಸ್ಯಾರ ನೋಡು." ಚೌಡಣ್ಣ ಬುಟ್ಟಿ ಬೋರಲು ಹಾಕಿ ನೋಡಿದರೆ ಹಾಗೇ ಇರುತ್ತಿತ್ತು. ತೋಟದವರು ಅವಳಿಗೆ ಹೆದರುತ್ತಿದ್ದರು. ಕಟ್ಟುವ ಹೆಂಗಸರು ಯಾರನ್ನಾದರೂ ಹೊಗಳಬೇಕಾದರೆ, ಅವಳಿಗೆ ಗುರುಬಸಕ್ಕನ ಮೂಗು ಐತಿ ಎನ್ನುತ್ತಿದ್ದರು.

ನನ್ನ ಅಪ್ಪ ಮರುಳಪ್ಪ ಹೂವಿನ ಬುಟ್ಟಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹರಪನಹಳ್ಳಿ, ಕೊಟ್ಟೂರಿನ ಬಸ್ಸುಗಳಿಗೆ ಏರಿಸುತ್ತಿದ್ದ. ನನಗೆ ಹನ್ನೊಂದು ತುಂಬಿದ ವರ್ಷ ಕಾಮಾಲೆಯಾಗಿ ಹೋದ. ಆವತ್ತಿನಿಂದ ಅವ್ವ ಹೂವು ಮುಡಿಯಲಿಲ್ಲ. ಯಾರೂ ಆಜ್ಞೆ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ. ಅದು ಹಾಗೇ ಅಷ್ಟೆ. ಶರಣರ ಮಾತುಗಳನ್ನು ಬಾಯಿಪಾಠ ಒಪ್ಪಿಸುವ ಮನೆತನ ನಮ್ಮದು. ಗಂಡ ಸತ್ತವಳ ತುರುಬಿನ ವಿಷಯ ಬಂದರೆ ಮಾತ್ರ ಎಲ್ಲರಿಗೂ ಬಾಯಿಪಾಠ ಮರೆತುಹೋಗುತ್ತದೆ. ದಿನಕ್ಕೆ ನೂರು ಮೊಳ ಕಟ್ಟುವ ಕೈ ತನ್ನ ತಲೆಗೆ ಒಂದು ಗೇಣು ಏರಿಸುವಂತಿಲ್ಲ. ಈ ಸಿಟ್ಟು ನನಗೆ ಹನ್ನೊಂದನೆಯ ವಯಸ್ಸಿನಲ್ಲಿ ಬಂದದ್ದು, ಇನ್ನೂ ಹೋಗಿಲ್ಲ.

ಅವ್ವನಿಗೆ ಸಿಟ್ಟಿರಲಿಲ್ಲ. "ಹೂವು ಬ್ಯಾಡ ಅಂದಾರ, ಗಾಳಿ ಬ್ಯಾಡ ಅಂದಿಲ್ಲಲ್ಲ," ಎಂದಳು ಒಮ್ಮೆ. ಶೆಡ್ಡಿನಲ್ಲಿ ಕೂತರೆ ಅವಳ ಪಾಲಿನ ಮಲ್ಲಿಗೆ ಅವಳಿಗೆ ಸಿಗುತ್ತಿತ್ತು.

ಎಂ.ಎಸ್ಸಿ. ಮುಗಿಸಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದಾಗ ಗೈಡ್ ನಾಲ್ಕು ವಿಷಯ ಮುಂದಿಟ್ಟರು. ಅದರಲ್ಲೊಂದು, ಮೇಲ್ಮೈಗಳ ಮೇಲೆ ಆತಿಥೇಯ ಮತ್ತು ಅತಿಥಿ ಅಣುಗಳು. ಉಳಿದ ಮೂರನ್ನು ನಾನು ಸರಿಯಾಗಿ ಓದಲೂ ಇಲ್ಲ. ರಜೆಗೆ ಊರಿಗೆ ಬಂದಾಗ ಅವ್ವನಿಗೆ ವಿವರಿಸಿದೆ. ಮೆಕ್ಕೆಜೋಳದ ಹಿಟ್ಟಿನ ಪಿಷ್ಟದಿಂದ ಒಂದು ಅಣು ಮಾಡುತ್ತಾರೆ. ಏಳು ಸಕ್ಕರೆಗಳು ಕೈ ಹಿಡಿದು ಸುತ್ತ ನಿಂತ ಹಾಗೆ. ನಡುವೆ ಜಾಗ, ತಳವಿಲ್ಲದ ಲೋಟದಂತೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ಭಾಗಕ್ಕಿಂತ ಕಿರಿದು ಆ ಲೋಟದ ಬಾಯಿ. ಅದರೊಳಗೆ ಪರಿಮಳದ ಅಣು ಬಂದು ಕೂರುತ್ತದೆ. ಲೋಟ ಆತಿಥೇಯ, ಪರಿಮಳ ಅತಿಥಿ. ಬರೀ ನೀರಿನಲ್ಲಿದ್ದರೆ ಇಬ್ಬರೂ ಕೂಡಿ ತೇಲಿ ಹೋಗುತ್ತಾರೆ. ಅದೇ ಲೋಟಗಳನ್ನು ಹತ್ತಿ ಎಳೆಯ ಮೇಲ್ಮೈಗೆ ನಿಂಬೆಹುಳಿಯಿಂದ ಅಂಟಿಸಿಬಿಟ್ಟರೆ, ಅತಿಥಿ ಹೋದರೂ ಲೋಟ ಅಲ್ಲೇ ಉಳಿಯುತ್ತದೆ, ಮುಂದಿನ ಅತಿಥಿಗಾಗಿ.

"ಅಂಟಿಕೊಂಡಿರಂಗಿಲ್ಲೇನು ಅದು ಒಳಗ?"

"ಇಲ್ಲ. ಸುಮ್ನ ಕುಂತಿರ್ತೈತಿ. ತೇವ ತಾಗಿದ್ರ, ಬಿಸಿ ಆದ್ರ ಎದ್ದು ಹೋಗ್ತೈತಿ. ಇಲ್ಲಾ, ಅದಕ್ಕಿಂತ ಚಲೋ ಹೊಂದೋದು ಬಂತಂದ್ರ ಜಾಗ ಬಿಟ್ಟುಕೊಡ್ತೈತಿ."

"ಹಂಗಾರ ಬೀಗರು ಅನ್ನು," ಎಂದಳು ಅವ್ವ. ಮನೆಗೆ ಬಂದ ನೆಂಟರೆಲ್ಲ ಅವಳಿಗೆ ಬೀಗರೇ. "ನಮ್ಮ ಬೀಗರಿಗೂ ಇಷ್ಟು ತಿಳುವಳಿಕಿ ಇದ್ರ ಎಷ್ಟು ಚಲೋ ಇತ್ತವ್ವ. ಉಂಡು ಮೂರು ತಾಸಾದ್ರೂ ಏಳಂಗಿಲ್ಲ."

ಅಂದಿನಿಂದ ಅವಳ ಬಾಯಲ್ಲಿ ನನ್ನ ಪಿಎಚ್.ಡಿ. ಎಂದರೆ ಬೀಗರ ಓದು. ಫೋನಿನಲ್ಲಿ, "ನಿನ್ನ ಬೀಗರು ಹೆಂಗದಾರ?" ಎಂದು ಕೇಳುತ್ತಿದ್ದಳು.

ಆ ವಿಷಯವನ್ನು ಯಾಕೆ ಆರಿಸಿಕೊಂಡೆನೆಂದು ಅವಳಿಗೆ ಹೇಳಿರಲಿಲ್ಲ. ಒಂದು ಸೀರೆ ಮಾಡಬೇಕಿತ್ತು ನನಗೆ. ಎಳೆ ಎಳೆಗೂ ಆ ಲೋಟಗಳಿರಬೇಕು, ಲೋಟಗಳಲ್ಲಿ ಹಡಗಲಿ ಮಲ್ಲಿಗೆಯ ಪರಿಮಳ ಇರಬೇಕು. ಅವ್ವ ಅದನ್ನುಟ್ಟು ಓಡಾಡಬೇಕು. ಮುಡಿಯಬೇಡ ಎನ್ನುವವರು ಉಡಬೇಡ ಎನ್ನಲಾರರು. ಅವ್ವನಿಗೆ ಮಲ್ಲಿಗೆಯನ್ನು ಹಿಂದಕ್ಕೆ ಕೊಡುವುದು, ಅಷ್ಟೇ ನನ್ನ ಸಂಶೋಧನೆಯ ಉದ್ದೇಶ. ಪ್ರಬಂಧದ ಮುನ್ನುಡಿಯಲ್ಲಿ ಬೇರೆ ಏನೇನೋ ಬರೆದಿದ್ದೇನೆ.

ಕೊರೊನಾದ ಎರಡನೇ ಅಲೆಯ ಬೇಸಿಗೆಯಲ್ಲಿ ಅವ್ವನಿಗೆ ಜ್ವರ ಬಂತು. ನಾನು ಹಾಸ್ಟೆಲಿನಲ್ಲಿ ಸಿಕ್ಕಿಕೊಂಡಿದ್ದೆ. ಗೋಡೆಗೆ ಗೋಡೆ ಹತ್ತಿದ ಮನೆಯ ಹೊನ್ನೂರಮ್ಮ, ಅವಳೂ ಹೂವು ಕಟ್ಟುವವಳೇ, ಬಾಗಿಲಲ್ಲಿ ಗಂಜಿ ಇಟ್ಟು ಹೋಗುತ್ತಿದ್ದಳು. ಹದಿನೈದು ದಿನಕ್ಕೆ ಅವ್ವ ಎದ್ದು ಕೂತಳು. ಉಸಿರಾಟ ಸರಿಯಿದೆಯಾ, ಊಟ ಸೇರುತ್ತದಾ ಎಂದು ಕೇಳಿದೆ. ಎಲ್ಲದಕ್ಕೂ ಹೂಂ ಎಂದಳು. ಬೇರೇನನ್ನೂ ನಾನು ಕೇಳಲಿಲ್ಲ.

ಆಮೇಲಿನ ಕೆಲವು ಸಂಗತಿಗಳು ಈಗ ಎದ್ದು ಬಂದು ಎದುರು ನಿಲ್ಲುತ್ತವೆ. ಒಲೆಯ ಮೇಲೆ ಹಾಲು ಕರಟಿ ಮನೆಯೆಲ್ಲ ಕಮಟುತ್ತಿದ್ದರೂ ಅವ್ವ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಕೂಗಿಕೊಂಡಾಗ, "ಯೋಚನ್ಯಾಗ ಇದ್ದೆ," ಎಂದಳು. ಬೆಳಗಿನ ಸಾರನ್ನು ನನ್ನ ಮುಂದೆ ಹಿಡಿದು, "ಹಳಸೈತೇನು ನೋಡವ್ವ," ಎನ್ನುತ್ತಿದ್ದಳು. ಶೆಡ್ಡಿನಲ್ಲಿ ಬುಟ್ಟಿಗಳ ಬಗ್ಗೆ ಮಾತಾಡುವುದನ್ನು ಬಿಟ್ಟಿದ್ದಳಂತೆ. ಮೊಗ್ಗಿನ ತೊಟ್ಟನ್ನು ಉಗುರಿನಿಂದ ಒತ್ತಿ ನೋಡಿ, ಹಳೆಯದೋ ಹೊಸದೋ ಹೇಳುತ್ತಿದ್ದಳಂತೆ. ವಯಸ್ಸಾಯಿತು, ಮಾತು ಕಡಿಮೆಯಾಯಿತು ಎಂದುಕೊಂಡರು ಎಲ್ಲರೂ. ಹೂವನ್ನು ಯಾರೂ ಮೂಸದ ಕಸುಬಿನಲ್ಲಿ ಅವಳೊಬ್ಬಳು ಮೂಸುತ್ತಿಲ್ಲ ಎಂದು ಯಾರಿಗೆ ತಿಳಿದೀತು?

ನನ್ನ ಬಟ್ಟೆ ತಯಾರಾಯಿತು. ಲ್ಯಾಬಿನ ಯಂತ್ರ ಪರಿಮಳದ ಅಣುಗಳನ್ನು ಎಣಿಸಿ ಕೊಡುತ್ತದೆ. ಆದರೆ ಮನುಷ್ಯರ ಮೂಗಿಗೆ ಎಷ್ಟು ಗೊತ್ತಾಗುತ್ತದೆ ಎನ್ನುವುದೂ ಬೇಕು ಎಂದರು ಗೈಡ್. ನನಗೆ ಹಿಗ್ಗೋ ಹಿಗ್ಗು. ಗುರುಬಸಮ್ಮನ ಮಗಳಿಗೆ ಮೂಗಿನ ಬರವೇ? ಅಂಗೈಯಗಲದ ಬಟ್ಟೆ ತುಂಡುಗಳನ್ನು ಬಿಗಿ ಮುಚ್ಚಳದ ಬಾಟಲಿಗಳಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಹೊಸದು, ಏಳು ದಿನದ್ದು, ಹದಿನೈದು ದಿನದ್ದು, ತಿಂಗಳಿನದು, ಜೊತೆಗೆ ಏನೂ ಇಲ್ಲದ ಸಾದಾ ಬಟ್ಟೆ. ಶೆಡ್ಡಿನ ಐವರು ಹೆಂಗಸರು ಸೊನ್ನೆಯಿಂದ ಐದರವರೆಗೆ ಅಂಕ ಕೊಡಬೇಕು.

ಉಳಿದವರು ಬಾಟಲಿಗೆ ಮೂಗಿಟ್ಟು ಮೂಸಿದರು. ಅವ್ವ ಮಾತ್ರ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಳ ತೆಗೆದು ಸುಮ್ಮನೆ ಕೂರುವಳು. ನನ್ನ ಕಡೆ ನೋಡುವಳು. ಆಮೇಲೆ, "ಭರ್ತಿ ಐತಿ, ಐದು ಬರ್ಕೋ," ಎನ್ನುವಳು. ಅಥವಾ, "ಇದ್ರಾಗ ಬೀಗರು ಇಲ್ಲ ಬಿಡು." ಬಟ್ಟೆಯಲ್ಲಿರುವುದೂ ಮಲ್ಲಿಗೆಯೇ ತಾನೆ, ಮೂಸಬಾರದೆನ್ನುವ ಮರ್ಯಾದೆಯನ್ನು ಅದಕ್ಕೂ ಕೊಡುತ್ತಿದ್ದಾಳೆ ಎಂದುಕೊಂಡೆ. ಅವಳ ಅಂಕಗಳು ನನ್ನ ಲೆಕ್ಕಾಚಾರಕ್ಕೆ ಅಚ್ಚು ಹಾಕಿದಂತೆ ಕೂತವು.

ತಿಂಗಳಿನ ಬಾಟಲಿಗೆ ಹೊನ್ನೂರಮ್ಮ, "ಇದ್ರಾಗ ಏನೂ ಇಲ್ಲವ್ವ," ಎಂದಳು. ಅವ್ವ ನಾಲ್ಕು ಎಂದಳು, ಉಳಿದ ಮೂವರು ಅವ್ವನ ಬಾಯಿ ನೋಡಿ ಅದನ್ನೇ ಅಂದರು. ಮೂರು ಸಲ ಹೋದಾಗಲೂ ಹೀಗೇ ಆಯಿತು. ನಾನು ಹೊನ್ನೂರಮ್ಮನ ಅಂಕಗಳನ್ನು ಪಟ್ಟಿಯಿಂದ ಹೊಡೆದು ಹಾಕಿದೆ. ನಮ್ಮ ಅವ್ವನ ಮೂಗಿಗೆ ಹೊಂದದ ಮೂಗನ್ನು ವಿಜ್ಞಾನಕ್ಕೆ ಸೇರಿಸುವುದುಂಟೆ?

"ನನ್ನ ಮೂಗೇನು ಸುಳ್ಳು ಹೇಳ್ತೈತೇನು?" ಎಂದು ಅವಳು ಮುಖ ಊದಿಸಿಕೊಂಡಳು.

"ಹಂಗಲ್ಲ ಹೊನ್ನೂರಕ್ಕ, ನೆಗಡಿ ಆಗಿರಬೇಕು ನಿನಗ," ಎಂದೆ. ಎಂಥ ಮಾತು! ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಮಾರನೇ ವರ್ಷ ಸೀರೆ ಮುಗಿಯಿತು. ತಿಳಿ ಹಸಿರು ಹತ್ತಿ ಸೀರೆ, ಕೆಂಪು ಅಂಚು. ಅವ್ವನ ಮಡಿಲಲ್ಲಿ ಹಾಕಿ, ಯಾಕೆ ಮಾಡಿದೆನೆಂದು ಆವತ್ತು ಹೇಳಿದೆ. ಪರಿಮಳ ಕಡಿಮೆಯಾದರೆ ಪೆಟ್ಟಿಗೆಯಲ್ಲಿ ಒಂದು ಹಿಡಿ ಮೊಗ್ಗಿನ ಜೊತೆ ಮುಚ್ಚಿಡಬೇಕು, ಲೋಟಗಳು ಮತ್ತೆ ತುಂಬಿಕೊಳ್ಳುತ್ತವೆ ಎಂದೂ ಹೇಳಿದೆ. ಅವ್ವ ಸೀರೆಯನ್ನು ಬಹಳ ಹೊತ್ತು ಸವರಿದಳು. ಕಣ್ಣಲ್ಲಿ ನೀರು ಬಂತು. ಮಲ್ಲಿಗೆ ಸಿಕ್ಕ ಸಂತೋಷ ಎಂದುಕೊಂಡೆ ನಾನು.

"ಹೆಂಗೈತಿ ವಾಸನಿ?" ಎಂದು ಮರುದಿನ ಫೋನಿನಲ್ಲಿ ಕೇಳಿದೆ.

"ಹೊನ್ನೂರಿ ಬಾಗಲಾಗ ನಿಂತು ಮ್ಯಾಲ ನೋಡಿದ್ಲು, ಕೆಳಗ ನೋಡಿದ್ಲು. 'ಯಕ್ಕಾ, ಎಲ್ಲಿ ಇಟ್ಟೀದಿ ಹೂವು?' ಅಂದ್ಲು."

ಇನ್ನೊಂದು ಸಲ ಯಾರದೋ ಮನೆಯ ತೊಟ್ಟಿಲ ಕಾರ್ಯಕ್ಕೆ ಅದನ್ನುಟ್ಟು ಹೋಗಿದ್ದಾಗ, ಸೆಕೆಗೆ ಬೆವರಿ ಪರಿಮಳ ಎದ್ದು, ಒಬ್ಬ ಮುದುಕಿ, "ಮುಂಡಿ ಆದಾಕಿ ಮಲ್ಲಿಗಿ ಇಟ್ಕೊಂಡು ಬಂದಾಳ," ಎಂದು ಎಲ್ಲರೆದುರು ಅಂದಳಂತೆ. ಅವ್ವ ಎದ್ದು ನಿಂತು ತುರುಬು ಬಿಚ್ಚಿ, ಸೆರಗು ಝಾಡಿಸಿ ತೋರಿಸಿದಳಂತೆ. "ಒಂದು ಎಸಳರ ಐತೇನು ನೋಡ್ರಿ ಅಂದೆ," ಎಂದು ನಕ್ಕಳು. ನಾನು ಗೆದ್ದವಳಂತೆ ನಕ್ಕೆ. ವಾಸನೆ ಹೇಗಿದೆ ಎಂದರೆ ಅವಳು ಪ್ರತಿ ಸಲವೂ ಇನ್ನೊಬ್ಬರ ಮುಖದ ಸುದ್ದಿ ಹೇಳುತ್ತಿದ್ದಾಳೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಪ್ರಬಂಧದ ನಾಲ್ಕನೇ ಅಧ್ಯಾಯ ನೋಡಿದ ಗೈಡ್, ಅಂಕಗಳು ಇಷ್ಟು ಚೊಕ್ಕವಾಗಿ ಹೇಗೆ ಬಂದವು ಎಂದರು. ಬಾಟಲಿಯಲ್ಲಿ ಏನಿದೆಯೆಂದು ನಿನಗೆ ಮೊದಲೇ ಗೊತ್ತಿತ್ತಾ ಎಂದರು. ಗೊತ್ತಿತ್ತು ಎಂದೆ. ಹಾಗಿದ್ದರೆ ಮತ್ತೊಮ್ಮೆ ಮಾಡು, ಈ ಸಲ ನಿನಗೂ ಗೊತ್ತಿರಬಾರದು ಎಂದರು. ಲ್ಯಾಬಿನ ಗೆಳತಿ, ಗುಡೇಕೋಟೆಯ ಕ್ರಾಂತಿ, ಬಾಟಲಿಗಳಿಗೆ ತಾನೇ ನಂಬರು ಹಾಕಿ, ಯಾವುದು ಏನೆನ್ನುವ ಚೀಟಿಯನ್ನು ತನ್ನ ಬಳಿ ಇಟ್ಟುಕೊಂಡಳು.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನ ಮನೆ ಮುಟ್ಟಿದೆ. ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿ ಮೊದಲ ಬಾಟಲಿ ಕೊಟ್ಟೆ. ಅವಳು ಮುಚ್ಚಳ ತೆಗೆದು ನನ್ನ ಮುಖ ನೋಡಿದಳು. ನೋಡುತ್ತಲೇ ಇದ್ದಳು.

"ಯಾವುದಿದು?"

"ನನಗೂ ಗೊತ್ತಿಲ್ಲವ್ವ. ಈ ಸಲ ಹಂಗಾ."

ಅವಳ ಕೈ ಬಾಟಲಿಯ ಮೇಲೆ ನಿಂತುಬಿಟ್ಟಿತು. ಆಮೇಲೆ ಮೆಲ್ಲಗೆ, "ನಾಲ್ಕು," ಎಂದಳು. ಮುಂದಿನದಕ್ಕೆ, "ಇಲ್ಲ." ಅದರ ಮುಂದಿನದಕ್ಕೆ, "ಭರ್ತಿ." ಹನ್ನೆರಡು ಬಾಟಲಿ ಮುಗಿಸಿದೆವು. ಅಲ್ಲೇ ಕೂತು ಕ್ರಾಂತಿಗೆ ಫೋನು ಮಾಡಿ ಚೀಟಿ ಓದಿಸಿದೆ. ಅವ್ವ ಭರ್ತಿ ಎಂದದ್ದು ಸಾದಾ ಬಟ್ಟೆ. ಇಲ್ಲ ಎಂದದ್ದು ಹಿಂದಿನ ದಿನವಷ್ಟೇ ಮಲ್ಲಿಗೆ ತುಂಬಿಸಿದ್ದು. ನಾನಿದ್ದ ಜಾಗದಿಂದಲೇ ಆ ಬಟ್ಟೆಯ ಪರಿಮಳ ನನಗೆ ಬರುತ್ತಿತ್ತು, ಲೆಕ್ಕ ಬರೆಯುವ ಗಡಿಬಿಡಿಯಲ್ಲಿ ಗಮನಿಸಿರಲಿಲ್ಲ.

ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿ ತಂದು ಅವಳ ಮೂಗಿನ ಕೆಳಗೆ ಹಿಡಿದೆ. "ಕಣ್ಣು ಮುಚ್ಚು. ಏನಿದು ಹೇಳು."

ಅವ್ವ ಕಣ್ಣು ಮುಚ್ಚಲಿಲ್ಲ. "ತೆಗಿಯವ್ವ ಅದನ್ನ," ಎಂದಳು.

"ಎಂದಿನಿಂದ?"

"ಆ ಜ್ವರ ಬಂತಲ್ಲ, ಆವಾಗಿಂದ."

ಮೂರೂವರೆ ವರ್ಷ. ನನ್ನ ಬಟ್ಟೆಯ ಮೊದಲ ತುಂಡೂ ಅವಳ ಮೂಗಿಗೆ ಮುಟ್ಟಿರಲಿಲ್ಲ. ಸೀರೆಯೂ ಮುಟ್ಟಿರಲಿಲ್ಲ.

"ಮತ್ತ ನಂಬರು ಹೆಂಗ ಹೇಳ್ತಿದ್ದಿ?"

"ನಿನ್ನ ಮುಖ ನೋಡಿ," ಎಂದಳು. "ಚಲೋದು ಕೊಡೋವಾಗ ನಿನ್ನ ಮುಖ ಅರಳ್ತಿತ್ತು. ಖಾಲೀದು ಕೊಡೋವಾಗ ಬ್ಯಾರೆ ಕಡಿ ನೋಡ್ತಿದ್ದಿ. ನೀ ಏನಾಗ್ಬೇಕು ಅಂತೀದಿ ಅಂತ ನನಗ ತಿಳೀತಿತ್ತು. ಇಲ್ಲ ಅಂದ್ರ ನಿನ್ನ ಓದು ನಿಂತು ಹೋಗ್ತೈತೇನೋ ಅಂದ್ಕೊಂಡೆ. ಹೂವಿನಾಕಿಗೆ ಮೂಗು ಹೋತು ಅಂತ ಯಾರ ಮುಂದ ಹೇಳ್ಲಿ?"

ಇಷ್ಟಕ್ಕೆ ಯಾವ ಮಗಳಾದರೂ ಅವ್ವನನ್ನು ತಬ್ಬಿಕೊಳ್ಳುತ್ತಾಳೆ. ನಾನು ತಬ್ಬಿಕೊಳ್ಳಲಿಲ್ಲ. ನಾಲ್ಕನೇ ಅಧ್ಯಾಯ ಕಣ್ಣ ಮುಂದಿತ್ತು. ತಿಂಗಳಿಡೀ ಪರಿಮಳ ಉಳಿಯುತ್ತದೆಂದು ಬರೆದಿದ್ದೆ, ಉಳಿಯುತ್ತಿರಲಿಲ್ಲ. ಹೊನ್ನೂರಮ್ಮ ನಿಜ ಹೇಳಿದ್ದಳು.

"ನನ್ನ ಮೂರು ವರ್ಷ ಮಣ್ಣು ಮಾಡಿದಿ," ಎಂದೆ. "ಹೆತ್ತ ತಾಯಿ ಅಂತ ನಂಬಿದ್ನಲ್ಲ, ನನಗ ಬುದ್ಧಿ ಇಲ್ಲ."

ಅವ್ವ ತಲೆ ತಗ್ಗಿಸಿ ಬಾಟಲಿಗಳ ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ಬಿಗಿ ಮಾಡಿದಳು, ಪರಿಮಳ ಹೋಗದಿರಲೆಂದು. ನಾನು ಚೀಲ ಎತ್ತಿಕೊಂಡು ಸಂಜೆಯ ಬಸ್ಸಿಗೇ ಹೊರಟೆ. ಬಸ್ಸಿನಲ್ಲಿ ಅಳು ಬಂತು. ಅದೂ ಅಧ್ಯಾಯಕ್ಕಾಗಿ ಬಂದ ಅಳು. ಅವಳು ಮೂರೂವರೆ ವರ್ಷ ಶೆಡ್ಡಿನಲ್ಲಿ ಮಲ್ಲಿಗೆಯ ನಡುವೆ ಏನೂ ಇಲ್ಲದೆ ಕೂತಿದ್ದಳು ಎನ್ನುವುದು ನನಗೆ ನಾಟಲು ಇನ್ನೂ ಒಂದು ವಾರ ಬೇಕಾಯಿತು. ಕೊನೆಗೆ ಉಳಿದಿದ್ದ ಗಾಳಿಯೂ ಹೋಗಿತ್ತು. ಹೇಳಿಕೊಳ್ಳಲು ಒಬ್ಬಳು ಮಗಳಿದ್ದಳು, ಅವಳು ಬಾಟಲಿ ಹಿಡಿದುಕೊಂಡು ಬಂದು ಅಂಕ ಕೇಳುತ್ತಿದ್ದಳು.

ಅಧ್ಯಾಯವನ್ನು ಕಿತ್ತು ಹಾಕಿದೆ. ಹೊನ್ನೂರಮ್ಮನ ಕೈಕಾಲು ಹಿಡಿದು, ಬೇರೆ ಹೆಂಗಸರನ್ನು ಸೇರಿಸಿ ಶೆಡ್ಡಿನಲ್ಲೇ ಮತ್ತೆ ಪರೀಕ್ಷೆ ಮಾಡಿದೆ. ಹದಿನೈದು ದಿನಕ್ಕೆ ಪರಿಮಳ ಅರ್ಧವಾಗುತ್ತದೆ, ಅಷ್ಟೆ. ಗೈಡ್ ಅದನ್ನೂ ಒಪ್ಪಿದರು. ನನ್ನ ಓದು ನಿಲ್ಲಲಿಲ್ಲ. ಅವ್ವನ ಸುಳ್ಳು ಬೇಕೇ ಇರಲಿಲ್ಲ.

ಆ ಪರೀಕ್ಷೆಗೆ ಬಂದ ದಿನ ಅವ್ವ ನನಗೆ ರೊಟ್ಟಿ, ಹೆಸರುಕಾಳು ಪಲ್ಯ ಮಾಡಿಟ್ಟಿದ್ದಳು. ಉಂಡೆ. ಕ್ಷಮಿಸು ಎನ್ನಬೇಕಿತ್ತು, ಅದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳದ ಮಾತು, ಬಾಯಿಗೆ ಬರಲಿಲ್ಲ. ಬದಲಿಗೆ ಡಾಕ್ಟರನ್ನು ಕೇಳಿಕೊಂಡು ಬಂದದ್ದನ್ನು ಹೇಳಿದೆ. ಹೀಗೆ ಹೋದ ಮೂಗು ಕೆಲವರಿಗೆ ಮರಳುತ್ತದೆ. ದಿನಾ ಎರಡು ಹೊತ್ತು ಪರಿಚಿತ ವಾಸನೆಗಳನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಅದು ಹೇಗಿತ್ತೆಂದು ನೆನೆಯುತ್ತ ಉಸಿರೆಳೆಯಬೇಕು. ಲವಂಗ, ನಿಂಬೆ, ಮಲ್ಲಿಗೆ.

"ಹೂವು ಮೂಸೋದಾ?" ಎಂದಳು ಅವ್ವ. ಆ ವಯಸ್ಸಿನಲ್ಲಿ ಅವಳಿಗೆ ನಾಚಿಕೆಯಾದದ್ದನ್ನು ಕಂಡೆ.

ಆಮೇಲಿನದನ್ನು ಹೊನ್ನೂರಮ್ಮ ಹೇಳಿ ನನಗೆ ಗೊತ್ತು. ದಿನಾ ಬೆಳಿಗ್ಗೆ ಶೆಡ್ಡಿಗೆ ಹೊರಡುವ ಮುಂಚೆ ಅವ್ವ ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳಂತೆ. ಅಂಗೈಯಲ್ಲಿ ನಾಲ್ಕು ಮೊಗ್ಗು. ಯಾರ ಪೂಜೆಗೂ ಹೋಗದಿರಲೆಂದು ಹಿಂದಿನ ದಿನವೇ ನೆಲಕ್ಕೆ ಬಿದ್ದು ಉಳಿದದ್ದನ್ನು ಆರಿಸಿ ತಂದಿಟ್ಟುಕೊಂಡ ಮೊಗ್ಗು. ಕದ್ದವಳಂತೆ ಅತ್ತಿತ್ತ ನೋಡಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳಂತೆ. "ಏನರ ಬಂತೇನಕ್ಕ?" ಎಂದು ಗೋಡೆಯ ಆಚೆಯಿಂದ ಹೊನ್ನೂರಮ್ಮ ಕೇಳಿದರೆ, "ದಾರ್ಯಾಗ ಅದಾರ ಬೀಗರು," ಎನ್ನುತ್ತಿದ್ದಳಂತೆ.

ಹಾಗೆ ಎರಡು ತಿಂಗಳು. ಶಿವರಾತ್ರಿ ಕಳೆದು ಎಂಟು ದಿನಕ್ಕೆ, ಶೆಡ್ಡಿನಲ್ಲಿ ಮಾಲೆ ಕಟ್ಟುತ್ತಿದ್ದವಳು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದಳು. ಚೌಡಣ್ಣ ಆಟೋ ತರುವಷ್ಟರಲ್ಲಿ ಮುಗಿದಿತ್ತು. ಅವಳಿಗೆ ಐವತ್ತೆಂಟು. ನಾನು ಬಂದಾಗ ಕೈಬೆರಳಿಗೆ ಬಾಳೆನಾರು ಸುತ್ತಿಕೊಂಡೇ ಇತ್ತು.

ಕೊನೆಯ ವಾರದಲ್ಲಿ ಒಂದು ದಿನ, "ಇವತ್ತು ಏನೋ ಬಂದಂಗಾತು," ಎಂದಿದ್ದಳೆಂದು ಹೊನ್ನೂರಮ್ಮ ಅಳುತ್ತ ಹೇಳಿದಳು. ನಿಜವಾಗಿ ಬಂದಿತ್ತೋ, ಕೇಳುವವಳ ಮುಖ ನೋಡಿ ಹಾಗೆಂದಳೋ ನನಗೆ ಎಂದೂ ಗೊತ್ತಾಗುವುದಿಲ್ಲ. ಅವಳೇ ಎದುರು ಕೂತು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಅದೇ ನನ್ನ ದುಃಖ.

ನಮ್ಮಲ್ಲಿ ಹೋದವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನಿಂದ ಮುಚ್ಚುತ್ತಾರೆ. ಸತ್ತವಳಿಗೆ ಹೂವು ಬೇಡ ಎನ್ನುವವರು ಯಾರೂ ಇಲ್ಲ. ಶೆಡ್ಡಿನ ಹೆಂಗಸರು ಆವತ್ತು ಬಂದ ಅಷ್ಟೂ ಮಲ್ಲಿಗೆಯನ್ನು ಅವಳಿಗೇ ಕಟ್ಟಿದರು. ತೊಟ್ಟಿಲ ಕಾರ್ಯದಲ್ಲಿ ಆಡಿಕೊಂಡಿದ್ದ ಮುದುಕಿಯೂ ಬಂದು ಒಂದು ಮಾಲೆ ಹಾಕಿದಳು. ಕುತ್ತಿಗೆ, ತಲೆ, ಮಡಿಲು, ಎಲ್ಲ ಮಲ್ಲಿಗೆ. ಮುಡಿಯದ ಹದಿನೆಂಟು ವರ್ಷದ್ದೆಲ್ಲ ಒಂದೇ ದಿನ. ನಾನು ಅಲ್ಲೇ ಕೂಗಾಡಿದೆನಂತೆ, ಈಗ ಯಾಕೆ, ಈಗ ಯಾಕೆ ಎಂದು. ನನಗೆ ನೆನಪಿಲ್ಲ.

ಮೂರನೇ ದಿನ ಹೊನ್ನೂರಮ್ಮ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ಗಂಟೊಂದನ್ನು ಕೈಗಿಟ್ಟಳು. ಹಸಿರು ಸೀರೆ. "ನೀ ಬೈದು ಹೋದ ಮ್ಯಾಲ ಮನ್ಯಾಗ ಇದನ್ನಾ ಉಡ್ತಿದ್ಲು. ಒಗಿಯಾಕ ಹಾಕ್ಲಿಲ್ಲ ನಾನು. ನೀರು ತಾಗಿದ್ರ ಹೋಗ್ತೈತಿ ಅಂದಿದ್ದಿಯಲ್ಲ ನೀನು."

ಲ್ಯಾಬಿಗೆ ತಂದು ಒಂದು ಮಡಿಕೆಯ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟೆ. ತೇವ ತಾಗಿದರೆ ಅತಿಥಿಗಳು ಏಳಬೇಕು. ಎದ್ದರು. ಆದರೆ ಮಲ್ಲಿಗೆಯಲ್ಲ. ಮೊಗ್ಗಿನ ಜೊತೆ ಪೆಟ್ಟಿಗೆಯಲ್ಲಿಡುವುದನ್ನು ಅವ್ವ ನಾನು ಬೈದು ಹೋದ ದಿನದಿಂದಲೇ ಬಿಟ್ಟಿದ್ದಳು. ಲೋಟಗಳಿಂದ ಮಲ್ಲಿಗೆ ಎಂದೋ ಹೊರಟುಹೋಗಿತ್ತು. ಆ ಜಾಗದಲ್ಲಿ ಬಂದು ಕೂತಿದ್ದದ್ದು ಕೊಬ್ಬರಿ ಎಣ್ಣೆ, ಎಲೆಯಡಿಕೆ, ಹಸಿ ಬಾಳೆನಾರು, ಒಲೆಯ ಹೊಗೆ, ಬೆವರು. ಅವ್ವ. ಬೆನ್ನಿಗೆ ಏಟು ಬಿಟ್ಟು, ಆಮೇಲೆ ಎಳೆದು ತಬ್ಬಿಕೊಂಡಾಗಿನ ಅದೇ ಅವ್ವ.

ಕ್ರಾಂತಿ ಹತ್ತಿರ ಬಂದು ನಿಂತಳು. ಬೆರಳಗಲ ಬಟ್ಟೆ ಕತ್ತರಿಸಿ ಯಂತ್ರಕ್ಕೆ ಕೊಟ್ಟರೆ ಒಳಗೆ ಯಾವ ಯಾವ ಅಣುಗಳಿವೆ ಎಂದು ಪಟ್ಟಿ ಸಿಗುತ್ತದೆ, ಹೆಸರುಗಳಾದರೂ ಉಳಿಯುತ್ತವೆ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನಾನು ಸೀರೆಯನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ.

ಒಂದೊಂದು ಸಲ ಬಿಚ್ಚಿದಾಗಲೂ ಒಂದಷ್ಟು ಎದ್ದು ಹೋಗುತ್ತದೆ. ಎಷ್ಟು ಸಲಕ್ಕೆ ಮುಗಿಯುತ್ತದೆಂದು ಲೆಕ್ಕ ಹಾಕುವ ಸೂತ್ರ ನನ್ನ ಪ್ರಬಂಧದಲ್ಲೇ ಇದೆ. ಆ ಲೆಕ್ಕ ನಾನು ಹಾಕಿಲ್ಲ. ಪದವಿ ಬಂದ ದಿನ ಎರಡನೇ ಸಲ ಬಿಚ್ಚಿದೆ. ದೀಪಾವಳಿಗೆ ಮೂರನೇ ಸಲ. ಆಗ ಬಹಳ ಕಡಿಮೆಯಿತ್ತು, ಮುಖವನ್ನೆಲ್ಲ ಹುದುಗಿಸಬೇಕಾಯಿತು.

ವರ್ಷದ ಕಾರ್ಯಕ್ಕೆ ಹಡಗಲಿಗೆ ಹೋದಾಗ ಸೀರೆಯನ್ನೂ ಒಯ್ದೆ. ಮಧ್ಯಾಹ್ನ ಹೊನ್ನೂರಮ್ಮ ತನ್ನ ಬಾಗಿಲಲ್ಲಿ ಕೂತು ಹೂವು ಕಟ್ಟುತ್ತಿದ್ದಳು. ಪಕ್ಕದಲ್ಲಿ ಕೂತು ಚೀಲ ಹೊರತೆಗೆದೆ.

"ತಡಿ, ಒಂದು ಹಿಡಿ ಮೊಗ್ಗು ಕೊಡ್ತೀನಿ. ಪೆಟಗ್ಯಾಗ ಹಾಕಿ ಇಡು, ಮತ್ತ ಘಮ ಘಮ ಅಂತೈತಿ," ಎಂದಳು.

"ಬ್ಯಾಡಕ್ಕ. ಮಲ್ಲಿಗಿ ಒಳಗ ಬಂದ್ರ ಅವ್ವ ಹೊರಗ ಹೋಗ್ತಾಳ."

ಅವಳಿಗೆ ತಿಳಿಯಿತು. ಬುಟ್ಟಿಯನ್ನು ತನ್ನ ಇನ್ನೊಂದು ಮಗ್ಗುಲಿಗೆ, ದೂರಕ್ಕೆ ಸರಿಸಿದಳು. "ನೀನೂ ಒಮ್ಮಿ ನೋಡಕ್ಕ," ಎಂದು ಸೀರೆ ಮುಂದೆ ಹಿಡಿದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು. "ನಾ ಮೂಸಿದ್ರ ನಿನ್ನ ಪಾಲಿಂದು ಖಾಲಿ ಆಗ್ತೈತಿ. ಬ್ಯಾಡವ್ವ. ನೀ ನೋಡಿ ನನಗ ಹೇಳು."

ಮಡಿಕೆ ಬಿಚ್ಚಿ ಬಿಸಿಯುಸಿರು ಬಿಟ್ಟೆ. ಮುಖ ಹುದುಗಿಸಿದೆ. ಇನ್ನೊಂದು ಮಡಿಕೆ ಬಿಚ್ಚಿದೆ. ಸೆರಗಿನ ತುದಿ, ಅಂಚು, ನೆರಿಗೆ ಹಿಡಿಯುವ ಜಾಗ. ಬರೀ ಬಟ್ಟೆ.

ತಲೆ ಎತ್ತಿದೆ. ಹೊನ್ನೂರಮ್ಮ ಹೂವು ಕಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಮೂವತ್ತು ವರ್ಷ ಅವ್ವನ ಪಕ್ಕ ಕೂತವಳು. ಅವಳ ಮುಖದಲ್ಲಿ ಏನಿತ್ತೆಂದು ಯಾರು ಬೇಕಾದರೂ ಓದಬಹುದಿತ್ತು.

"ಅದಾಳೇನು?" ಎಂದಳು.

"ಅದಾಳಕ್ಕ," ಎಂದೆ. "ಭರ್ತಿ ಅದಾಳ."

ಹೊನ್ನೂರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಹೂವಿಗೆ ಕೈ ಹಾಕಿದಳು. ನಾನು ಸೀರೆ ಮಡಚಿ ಚೀಲಕ್ಕೆ ಹಾಕಿ, ಬಾಯಿಯನ್ನು ಎರಡು ಗಂಟು ಹಾಕಿ ಬಿಗಿದೆ.